ಪ್ರೊಸೆಸರ್ ಬದಲಾಯಿಸುವ ಮುನ್ನ: ಆಯ್ಕೆ, ಸಾಕೆಟ್ ಮತ್ತು ಓವರ್‌ಕ್ಲಾಕಿಂಗ್

ಕಂಪ್ಯೂಟರ್ ನಿಧಾನವಾಯಿತೆಂದರೆ ಹೊಸ ಪ್ರೊಸೆಸರ್ ಹಾಕಿಸುವ ಯೋಚನೆ ಬರುವುದು ಸಹಜ. ಆದರೆ ಸಾವಿರಾರು ರೂಪಾಯಿ ಕೊಟ್ಟು ತಂದ ಪ್ರೊಸೆಸರ್ ಹಳೆಯ ಮದರ್‌ಬೋರ್ಡಿಗೆ ಹೊಂದದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಕೆಲವು ವಿಷಯ ತಿಳಿದಿರಲಿ.

ತೊಂದರೆ ಎಲ್ಲಿದೆ?

ಕೆಲಸ ಮಾಡುತ್ತಿರುವಾಗಲೇ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಡಿಸ್ಕ್ ಸದಾ 100% ತೋರಿಸಿದರೆ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ. ಮೆಮೊರಿ ತುಂಬಿದ್ದರೆ ರ‍್ಯಾಮ್ ಹೆಚ್ಚಿಸಿ. ಸಿಪಿಯು ಸದಾ 100%ರ ಹತ್ತಿರ ಇದ್ದರೆ ಮಾತ್ರ ಪ್ರೊಸೆಸರ್ ಬದಲಿಸುವುದರಲ್ಲಿ ಅರ್ಥವಿದೆ. ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಲು, ಅರ್ಜಿ ತುಂಬಲು ದೊಡ್ಡ ಪ್ರೊಸೆಸರ್ ಬೇಕಿಲ್ಲ. ವಿಡಿಯೋ ಎಡಿಟಿಂಗ್ ಮಾಡುವವರಿಗೆ ಹೆಚ್ಚು ಕೋರ್‌ಗಳಿಂದ ನಿಜವಾದ ಲಾಭ ಉಂಟು.

ಗಿಗಾಹರ್ಟ್ಸ್ ಒಂದನ್ನೇ ನಂಬಬೇಡಿ

2004ರಲ್ಲಿ ಪೆಂಟಿಯಂ 4 ಪ್ರೊಸೆಸರ್ 3.8 ಗಿಗಾಹರ್ಟ್ಸ್ ಮುಟ್ಟಿತ್ತು. 2006ರಲ್ಲಿ ಬಂದ ಕೋರ್ 2 ಡುಯೋ ಇ6600 ಬರೇ 2.4 ಗಿಗಾಹರ್ಟ್ಸ್‌ನದಾದರೂ ಅದನ್ನು ಹಿಂದೆ ಹಾಕಿತು. ಕಾರಣ, ಒಂದೊಂದು ಬಡಿತದಲ್ಲಿ ಅದು ಹೆಚ್ಚು ಕೆಲಸ ಮಾಡುತ್ತಿತ್ತು. ಹಾಗಾಗಿ ಗಿಗಾಹರ್ಟ್ಸ್ ಜೊತೆಗೆ ತಲೆಮಾರು, ಕೋರ್, ಕ್ಯಾಶ್ ಇವನ್ನೂ ನೋಡಬೇಕು.

ಸಾಕೆಟ್ ಮತ್ತು ಬಯಾಸ್

ಪ್ರೊಸೆಸರ್ ಕೂರುವ ಜಾಗವೇ ಸಾಕೆಟ್. ಸಾಕೆಟ್ ಹೆಸರು ಒಂದೇ ಆದರೂ ಸಾಲದು. ಇಂಟೆಲ್‌ನ 6ರಿಂದ 9ನೇ ತಲೆಮಾರಿನವರೆಗೆ ಎಲ್‌ಜಿಎ 1151 ಸಾಕೆಟ್ ಇತ್ತು. ಆದರೂ 8 ಮತ್ತು 9ನೇ ತಲೆಮಾರಿಗೆ 300 ಸರಣಿಯ ಚಿಪ್‌ಸೆಟ್ ಬೇಕು. ಹಳೆಯ 100, 200 ಸರಣಿಯ ಬೋರ್ಡಿನಲ್ಲಿ ಅವು ನಡೆಯುವುದಿಲ್ಲ.

ಎಎಂಡಿಯ ಎಎಂ4 ಸಾಕೆಟ್ ಈ ವಿಷಯದಲ್ಲಿ ಉದಾರ. 2017ರಲ್ಲಿ ರೈಜೆನ್ 3 1200 (4 ಕೋರ್) ಹಾಕಿಸಿಕೊಂಡವರು ಅನೇಕ ಬೋರ್ಡ್‌ಗಳಲ್ಲಿ ಬಯಾಸ್ ಅಪ್‌ಡೇಟ್ ಮಾಡಿ, 2022ರ ರೈಜೆನ್ 5 5600 (6 ಕೋರ್, 12 ಥ್ರೆಡ್) ಹಾಕಬಹುದು. ಎರಡೂ 65 ವ್ಯಾಟ್‌ನವೇ. ನಿಮ್ಮ ಬೋರ್ಡಿನ ಕಂಪನಿಯ ಜಾಲತಾಣದಲ್ಲಿರುವ ಸಿಪಿಯು ಸಪೋರ್ಟ್ ಪಟ್ಟಿಯೇ ಇಲ್ಲಿ ಅಂತಿಮ.

ಬಯಾಸ್ ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ತೆಗೆಯುವ ಮೊದಲೇ ಮಾಡಿ, ಯುಪಿಎಸ್ ಇಟ್ಟುಕೊಂಡೇ ಮಾಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಲಸಕ್ಕೆ ಬಾರದಂತಾಗಬಹುದು.

ಇನ್ನೊಂದು ಮಾತು: ಇಂಟೆಲ್‌ನ ಎಫ್ ಅಕ್ಷರವಿರುವ ಪ್ರೊಸೆಸರ್‌ಗಳಲ್ಲೂ ರೈಜೆನ್ 5 5600ರಲ್ಲೂ ಗ್ರಾಫಿಕ್ಸ್ ಇಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪರದೆಯ ಮೇಲೆ ಏನೂ ಬರುವುದಿಲ್ಲ.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಇಂಟೆಲ್ 8ನೇ ತಲೆಮಾರು ಅಥವಾ ರೈಜೆನ್ 2000 ಸರಣಿ, ಇಲ್ಲವೇ ಅದಕ್ಕಿಂತ ಹೊಸದು ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮರೆಯಬಾರದು.

ಓವರ್‌ಕ್ಲಾಕಿಂಗ್ ಎಂದರೇನು?

ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರ್ ಓಡಿಸುವುದೇ ಓವರ್‌ಕ್ಲಾಕಿಂಗ್. ಮೂಲ ಕ್ಲಾಕನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದರೆ ವೇಗ ಸಿಗುತ್ತದೆ. 1998ರ ಸೆಲೆರಾನ್ 300ಎ ಇದಕ್ಕೆ ಪ್ರಸಿದ್ಧ: 66 ಮೆಗಾಹರ್ಟ್ಸ್ ಬಸ್ಸನ್ನು 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಚಿಪ್ 450ರಲ್ಲಿ ಓಡುತ್ತಿತ್ತು.

ಈಗ ಇಂಟೆಲ್‌ನಲ್ಲಿ ಇದಕ್ಕೆ ಕೆ ಅಕ್ಷರದ ಪ್ರೊಸೆಸರ್ ಮತ್ತು ಝಡ್ ಸರಣಿಯ ಚಿಪ್‌ಸೆಟ್ ಎರಡೂ ಬೇಕು. ಎಎಂ4ನಲ್ಲಿ ಬಿ350, ಬಿ450ಯಂಥ ಬೋರ್ಡ್ ಸಾಕು, ಎ320 ಆಗದು.

ಶಾಖದ ಲೆಕ್ಕವೂ ಇದೆ. ವಿದ್ಯುತ್ ಬಳಕೆ ವೇಗದ ಜೊತೆಗೂ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ಎರಡನ್ನೂ 10% ಹೆಚ್ಚಿಸಿದರೆ ಶಾಖ ಸುಮಾರು 33% ಹೆಚ್ಚುತ್ತದೆ. ಇದಕ್ಕೆ ಒಳ್ಳೆಯ ಕೂಲರ್ ಬೇಕು. ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಸಲ ಪ್ರೈಮ್95 ಓಡಿಸಿ, ಎಚ್‌ಡಬ್ಲ್ಯೂಇನ್ಫೋದಲ್ಲಿ ಉಷ್ಣತೆ ನೋಡಿ. ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ಸಾಮಾನ್ಯ ವಾರಂಟಿ ಸಿಗುವುದಿಲ್ಲ.

ಹೆಚ್ಚು ವೋಲ್ಟೇಜ್ ಏನು ಮಾಡುತ್ತದೆ ಎಂಬುದಕ್ಕೆ 2024 ಸಾಕ್ಷಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಓವರ್‌ಕ್ಲಾಕ್ ಮಾಡದೆಯೂ ಅತಿ ವೋಲ್ಟೇಜಿನಿಂದ ಕೆಟ್ಟವು. ಕಂಪನಿ ಮೈಕ್ರೋಕೋಡ್ ತಿದ್ದುಪಡಿ ಬಿಟ್ಟು, ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಇಂಥ ಪ್ರೊಸೆಸರ್ ಇರುವವರು ಬಯಾಸ್ ಅಪ್‌ಡೇಟ್ ಮಾಡಿಸಿಕೊಳ್ಳುವುದು ಒಳ್ಳೆಯದು.

ಹೊಸ ಪ್ರೊಸೆಸರ್‌ಗಳು ತಾವಾಗಿಯೇ ಬೂಸ್ಟ್ ವೇಗಕ್ಕೆ ಏರುವುದರಿಂದ ಓವರ್‌ಕ್ಲಾಕಿಂಗ್‌ನಿಂದ ಸಿಗುವ ಹೆಚ್ಚುವರಿ ಲಾಭ ಈಗ ಕಡಿಮೆ. ದಿನದ ದುಡಿಮೆ ನಡೆಯುವ, ಗಿರಾಕಿಗಳ ಕಡತ ಇರುವ ಕಂಪ್ಯೂಟರಿನಲ್ಲಿ ಈ ಪ್ರಯೋಗ ಬೇಡ.