ಚರ್ಚಿನ ಪೆಟ್ಟಿಗೆಯಲ್ಲಿ ಊರಿನ ಜಾತಕ

ಇಂಗ್ಲೆಂಡಿನ ಶ್ರಾಪ್‌ಷೈರ್ ಕೌಂಟಿಯಲ್ಲಿ, ಶ್ರೂಸ್‌ಬರಿ ಪಟ್ಟಣದ ಉತ್ತರಕ್ಕೆ, ಮಿಡ್ಲ್ ಎಂಬ ಹಳ್ಳಿಯಿದೆ. 1701ರಲ್ಲಿ ಆ ಊರಿನ ರಿಚರ್ಡ್ ಗಾಫ್ ಎಂಬ ಅನುಕೂಲಸ್ಥ ರೈತ, ಅರವತ್ತೈದು ದಾಟಿದ ವಯಸ್ಸಿನಲ್ಲಿ, ಒಂದು ವಿಚಿತ್ರ ಬರವಣಿಗೆಗೆ ಕೈಹಾಕಿದ. ಊರ ಚರ್ಚಿನೊಳಗಿನ ಬೆಂಚುಗಳನ್ನು ಸಾಲುಸಾಲಾಗಿ ಹಿಡಿದು, ಯಾವ ಬೆಂಚು ಯಾವ ಮನೆಯವರದು, ಆ ಮನೆಯಲ್ಲಿ ಯಾರು ಯಾರು ಬಾಳಿದರು, ಯಾರು ಕುಡಿದು ಆಸ್ತಿ ಕಳೆದರು, ಯಾರ ಮಗಳು ಯಾರನ್ನು ಮದುವೆಯಾದಳು ಎಂದು ಒಂದೊಂದಾಗಿ ಬರೆಯುತ್ತ ಹೋದ. ಮುಂದಿನ ಬೆಂಚುಗಳಲ್ಲಿ ಜಮೀನ್ದಾರರು, ಅವರ ಹಿಂದೆ ರೈತರು, ಕೊನೆಗೆ ಗುಡಿಸಲುಗಳ ಕೂಲಿಕಾರರು. ಚರ್ಚಿನಲ್ಲಿ ಕೂರುವ ಜಾಗವೇ ಊರಿನ ಅಂತಸ್ತಿನ ನಕ್ಷೆಯಾಗಿತ್ತು.

ರಾಜರ ಚರಿತ್ರೆ ಬರೆಯುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಇದು ಅಪರೂಪದ ಕೆಲಸ. ಗಾಫ್ 1723ರಲ್ಲಿ ತೀರಿಕೊಂಡ. ಅವನ ಬರಹ ಮೊದಲ ಬಾರಿಗೆ ಅಚ್ಚಾದದ್ದು 1834ರಲ್ಲಿ. ಇಂದು ಇಂಗ್ಲೆಂಡಿನ ಯಾವುದೇ ಪ್ಯಾರಿಷ್‌ನ ಚರಿತ್ರೆ ಹುಡುಕಹೊರಟವರು ಮಿಡ್ಲ್‌ನ ಹೆಸರು ಕೇಳದೆ ಇರುವುದಿಲ್ಲ. ಆದರೆ ಗಾಫ್‌ನಂಥ ಮುದುಕ ಎಲ್ಲ ಊರಿನಲ್ಲೂ ಇರಲಿಲ್ಲ. ನಮ್ಮ ಹೆಳವರಂತೆ ಮನೆಬಾಗಿಲಿಗೆ ಬಂದು ವಂಶಾವಳಿ ಹೇಳುವವರೂ ಅಲ್ಲಿಲ್ಲ. ಉಳಿದ ಸಾವಿರಾರು ಹಳ್ಳಿಗಳ ಜನಸಾಮಾನ್ಯರ ಸುಳಿವು ಸಿಗುವುದು ಚರ್ಚಿನ ಪೆಟ್ಟಿಗೆಯ ಹಳೆಯ ರಿಜಿಸ್ಟರುಗಳಲ್ಲಿ.

ಪ್ಯಾರಿಷ್ ಎಂದರೆ ಒಂದು ಚರ್ಚು, ಅದರ ಪಾದ್ರಿ ಮತ್ತು ಅದಕ್ಕೆ ಸೇರಿದ ಊರು, ಕೇರಿಗಳು. ಹದಿನಾರನೆಯ ಶತಮಾನದಿಂದೀಚೆಗೆ ಅದು ಧರ್ಮದ ಘಟಕ ಮಾತ್ರವಾಗಿರದೆ ಆಡಳಿತದ ಘಟಕವೂ ಆಯಿತು. 1538ರ ಸೆಪ್ಟೆಂಬರ್‌ನಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆ ಹೊರಡಿಸಿದ. ಪ್ರತಿ ಪ್ಯಾರಿಷ್‌ನಲ್ಲೂ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪ್ರತಿ ಭಾನುವಾರ ಪುಸ್ತಕದಲ್ಲಿ ಬರೆಯಬೇಕು. ಪುಸ್ತಕವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿಡಬೇಕು. ಒಂದು ಬೀಗದ ಕೈ ಪಾದ್ರಿಯ ಬಳಿ, ಇನ್ನೊಂದು ಚರ್ಚಿನ ಮೇಲ್ವಿಚಾರಕರ ಬಳಿ. ತಪ್ಪಿದರೆ ಮೂರು ಶಿಲಿಂಗ್ ನಾಲ್ಕು ಪೆನ್ನಿ ದಂಡ.

ಜನ ಇದನ್ನು ನಂಬಲಿಲ್ಲ. ಹುಟ್ಟಿಗೆ, ಸಾವಿಗೆ ತೆರಿಗೆ ಹಾಕಲು ಮಾಡಿದ ಹುನ್ನಾರವೆಂದೇ ಶಂಕಿಸಿದರು. ಶಂಕೆ ನಿಜವಾದದ್ದು 245 ವರ್ಷಗಳ ಮೇಲೆ! 1783ರಲ್ಲಿ ರಿಜಿಸ್ಟರಿನ ಪ್ರತಿ ನಮೂದಿಗೂ ಮೂರು ಪೆನ್ನಿ ತೆರಿಗೆ ಬಿತ್ತು. ಕಡು ಬಡವರಿಗೆ ವಿನಾಯಿತಿಯಿದ್ದ ಕಾರಣ ಹಲವು ರಿಜಿಸ್ಟರುಗಳಲ್ಲಿ ಹೆಸರಿನ ಪಕ್ಕ ‘ಬಡವ’ ಎಂಬ ಗುರುತು ಕಾಣುತ್ತದೆ. 1794ರಲ್ಲಿ ಈ ತೆರಿಗೆ ರದ್ದಾಯಿತು.

ಮೊದಮೊದಲು ಕಾಗದದಲ್ಲಿ ಬರೆದದ್ದು ಎಷ್ಟೋ ಕಡೆ ನಾಶವಾಗಿದೆ. 1598ರಲ್ಲಿ, ಹಳೆಯದನ್ನೆಲ್ಲ ಚರ್ಮದ ಹಾಳೆಗೆ ನಕಲು ಮಾಡಬೇಕು, ವಿಶೇಷವಾಗಿ ಒಂದನೆಯ ಎಲಿಜಬೆತ್ ಪಟ್ಟಕ್ಕೆ ಬಂದ 1558ರಿಂದ ಈಚಿನದನ್ನು, ಎಂಬ ಆದೇಶ ಬಂತು. ಆ ‘ವಿಶೇಷವಾಗಿ’ ಎಂಬ ಮಾತನ್ನೇ ಹಿಡಿದುಕೊಂಡ ಅನೇಕ ಪಾದ್ರಿಗಳು ಅದಕ್ಕೂ ಹಿಂದಿನ ಇಪ್ಪತ್ತು ವರ್ಷಗಳ ದಾಖಲೆಯನ್ನು ಕೈಬಿಟ್ಟರು. ಅನೇಕ ಊರುಗಳ ಚರಿತ್ರೆ 1558ರಿಂದ ಶುರುವಾಗುವುದಕ್ಕೆ ಇದೇ ಕಾರಣ.

ಅಮೆರಿಕ, ಆಸ್ಟ್ರೇಲಿಯಾಗಳಿಂದ ಪೂರ್ವಿಕರ ಊರು ಹುಡುಕಿಕೊಂಡು ಬರುವವರು ಹಿಂದಿನಿಂದ ಮುಂದಕ್ಕಲ್ಲ, ಇಂದಿನಿಂದ ಹಿಂದಕ್ಕೆ ನಡೆಯಬೇಕು. 1837ರ ಜುಲೈ 1ರಿಂದ ಸರ್ಕಾರಿ ಜನನ, ಮರಣ ನೋಂದಣಿ ಇದೆ. 1841ರಿಂದ ಹೆಸರುಗಳುಳ್ಳ ಜನಗಣತಿ ಪಟ್ಟಿಗಳಿವೆ. 1851ರ ಗಣತಿಯಲ್ಲಿ ಹುಟ್ಟಿದ ಪ್ಯಾರಿಷ್ ಯಾವುದೆಂದೂ ಬರೆದಿರುವುದರಿಂದ ಮುಂದಿನ ದಾರಿ ತೆರೆದುಕೊಳ್ಳುತ್ತದೆ. ಅಲ್ಲಿಂದಾಚೆ ಚರ್ಚಿನ ರಿಜಿಸ್ಟರೇ ಗತಿ.

ಅಲ್ಲಿ ಎಡವಲು ಬೇಕಾದಷ್ಟು ಕಲ್ಲುಗಳಿವೆ. 1733ರವರೆಗೆ ಲ್ಯಾಟಿನ್ ಬಳಕೆಯಿತ್ತು. 1751ರವರೆಗೆ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಒಂದನೆಯ ಚಾರ್ಲ್ಸ್ ದೊರೆಯ ತಲೆ ಕಡಿದದ್ದು ನಮ್ಮ ಲೆಕ್ಕಕ್ಕೆ 1649ರ ಜನವರಿ 30, ಅಂದಿನವರ ಲೆಕ್ಕಕ್ಕೆ 1648. ಮಗು ಸತ್ತರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುವುದೂ ಸಾಮಾನ್ಯವಾಗಿತ್ತು. ಶವಸಂಸ್ಕಾರದ ಪುಟ ನೋಡದೆ ಅವಸರಪಟ್ಟವರು, ಶೈಶವದಲ್ಲೇ ಸತ್ತ ಕೂಸನ್ನು ತಮ್ಮ ಮುತ್ತಜ್ಜನ ಮುತ್ತಜ್ಜನೆಂದು ತಿಳಿದುಕೊಂಡು ಬೀಗುವುದುಂಟು. 1754ರಿಂದ ಮದುವೆ ಪುಟದಲ್ಲಿ ವಧೂವರರ ಸಹಿ ಬಂತು. ಅಕ್ಷರ ಬಾರದವರದು ನಮ್ಮಲ್ಲಿಯ ಹೆಬ್ಬೆಟ್ಟಿನ ಬದಲು ಒಂದು ಗೀರು, ಹೆಚ್ಚಾಗಿ ಗುಣಾಕಾರ ಚಿಹ್ನೆ. ಒಬ್ಬ ಕೂಲಿಯವಳು ಬದುಕಿನಲ್ಲಿ ಕಾಗದದ ಮೇಲೆ ಬರೆದದ್ದು ಬಹುಶಃ ಅದೊಂದೇ.

ಇಷ್ಟಾದರೂ ರಿಜಿಸ್ಟರು ಹೇಳುವುದು ಮೂರೇ ಸಂಗತಿ: ಹುಟ್ಟು, ಮದುವೆ, ಸಾವು. ನಡುವೆ ಆತ ಏನುಂಡ, ಯಾರ ಮನೆಯಲ್ಲಿ ದುಡಿದ ಎಂಬುದು ತಿಳಿಯಬೇಕಾದರೆ ಅದೇ ಪೆಟ್ಟಿಗೆಯ ಇನ್ನೊಂದು ಕಟ್ಟು ಬಿಚ್ಚಬೇಕು. ಅದು ಬಡವರ ಕಾನೂನಿನ ಕಾಗದಗಳು.

1601ರ ಕಾನೂನಿನಂತೆ ಪ್ರತಿ ಪ್ಯಾರಿಷ್ ತನ್ನ ಬಡವರನ್ನು ತಾನೇ ಸಾಕಬೇಕು. ಅದಕ್ಕಾಗಿ ಊರವರಿಂದಲೇ ತೆರಿಗೆ ಎತ್ತಬೇಕು. ತನ್ನ ಬಡವ ಯಾರು ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. 1662ರ ಕಾನೂನು ಅದಕ್ಕೆ ಕಠೋರ ಉತ್ತರ ಕೊಟ್ಟಿತು. ವರ್ಷಕ್ಕೆ ಹತ್ತು ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಗೆ ಬಂದ ಹೊರಗಿನವನು ಮುಂದೆ ಊರಿಗೆ ಹೊರೆಯಾದಾನೆಂದು ತೋರಿದರೆ, ನಲವತ್ತು ದಿನದೊಳಗೆ ದೂರು ಕೊಟ್ಟು ಅವನನ್ನು ಸ್ವಂತ ಪ್ಯಾರಿಷ್‌ಗೆ ಅಟ್ಟಬಹುದಾಗಿತ್ತು. ಮದುವೆಯಿಲ್ಲದೆ ಹುಟ್ಟಿದ ಮಗು ಹುಟ್ಟಿದ ಊರಿಗೆ ಸೇರಿದ್ದೆಂಬ ನಿಯಮವಿದ್ದುದರಿಂದ, ತುಂಬು ಬಸುರಿಯರನ್ನು ಗಡಿ ದಾಟಿಸಲು ಊರಿನ ಹಿರಿಯರು ಪಡುತ್ತಿದ್ದ ಆತುರ ಅಷ್ಟಿಷ್ಟಲ್ಲ. 1697ರಿಂದ ಪರಿಹಾರ ಪಡೆಯುವವರು ಭುಜದ ಮೇಲೆ ‘ಪಿ’ ಅಕ್ಷರವನ್ನೂ ಪ್ಯಾರಿಷ್‌ನ ಮೊದಲ ಅಕ್ಷರವನ್ನೂ ಹೊಲಿದುಕೊಳ್ಳಬೇಕೆಂಬ ಕಾನೂನೂ ಬಂತು.

ಆದರೆ ಅಟ್ಟುವ ಮುನ್ನ ವಿಚಾರಣೆ ಆಗಬೇಕಲ್ಲ! ಮ್ಯಾಜಿಸ್ಟ್ರೇಟರ ಮುಂದೆ ಬಡವ ಹೇಳಿಕೆ ಕೊಡುತ್ತಿದ್ದ: ಎಲ್ಲಿ ಹುಟ್ಟಿದೆ, ಯಾವ ವಯಸ್ಸಿಗೆ ಜೀತಕ್ಕೆ ಸೇರಿದೆ, ಯಾರ ಬಳಿ ವರ್ಷ ತುಂಬ ದುಡಿದೆ, ಯಾರನ್ನು ಕಟ್ಟಿಕೊಂಡೆ, ಮಕ್ಕಳೆಷ್ಟು. ಗುಮಾಸ್ತ ಅದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಸಹಾಯ ಕೇಳದೆ ಹೇಗೋ ಬಾಳಿದ ಮರ್ಯಾದಸ್ಥನ ಬಗ್ಗೆ ಮೂರು ಸಾಲೂ ಸಿಗದಿರುವಾಗ, ಊರು ಹೊರದೂಡಿದ ಕೂಲಿಯವನ ಪೂರ್ತಿ ಜೀವನಕಥೆ ಎರಡು ಪುಟದಲ್ಲಿ ಉಳಿದಿರುತ್ತದೆ. ಖರ್ಚು ತಪ್ಪಿಸಿಕೊಳ್ಳಲು ಬರೆದ ಕಾಗದವೇ ಬಡವನ ಚರಿತ್ರೆಯಾದದ್ದು ಹೀಗೆ. ಗಾಫ್ ಕೂಡ ಬಡವರ ನೆಲೆಯ ಬಗ್ಗೆ ಮಿಡ್ಲ್ ಮತ್ತು ಇತರ ಪ್ಯಾರಿಷ್‌ಗಳ ನಡುವೆ ನಡೆದ ವ್ಯಾಜ್ಯಗಳಿಗೆಂದೇ ಒಂದು ಭಾಗ ಮೀಸಲಿಟ್ಟಿದ್ದಾನೆ. ಅವನು ತೆರಿಗೆ ಕೊಡುವವರ ಕಡೆಯವನೆಂಬುದನ್ನು ಮಾತ್ರ ಓದುವವರು ಮರೆಯಬಾರದು.

ಊರು ಬಿಟ್ಟವರ ಕಥೆ ಇನ್ನೂ ಕಷ್ಟ. ಹಿಂದಿನ ಕಾಲದ ಹಳ್ಳಿಗರು ತಲೆತಲಾಂತರ ಒಂದೇ ನೆಲದಲ್ಲಿ ಬೇರೂರಿದ್ದರೆಂಬ ನಂಬಿಕೆಗೆ ಪೆಟ್ಟು ಕೊಟ್ಟದ್ದು ನಾಟಿಂಗ್‌ಹ್ಯಾಮ್‌ಷೈರ್‌ನ ಕ್ಲೇವರ್ತ್ ಎಂಬ ಪ್ಯಾರಿಷ್. ಅಲ್ಲಿಯ ಪಾದ್ರಿ 1676ರಲ್ಲೂ 1688ರಲ್ಲೂ ಊರವರ ಪಟ್ಟಿ ಮಾಡಿದ್ದ. ಇತಿಹಾಸಕಾರ ಪೀಟರ್ ಲ್ಯಾಸ್‌ಲೆಟ್ ಅವರು ಎರಡನ್ನೂ ಹೋಲಿಸಿ ನೋಡಿದಾಗ, ಮೊದಲಿದ್ದ 401 ಮಂದಿಯಲ್ಲಿ 244 ಮಂದಿ ಹನ್ನೆರಡೇ ವರ್ಷದಲ್ಲಿ ಇಲ್ಲವಾಗಿದ್ದರು. ಅವರಲ್ಲಿ ಸತ್ತವರಿಗಿಂತ ಊರು ಬಿಟ್ಟವರೇ ಹೆಚ್ಚು. ಇವರೂ ಟೋನಿ ರಿಗ್ಲಿ ಅವರೂ 1964ರಲ್ಲಿ ಕೇಂಬ್ರಿಜ್‌ನಲ್ಲಿ ಆರಂಭಿಸಿದ ಸಂಶೋಧನಾ ತಂಡ ಮುಂದೆ 404 ಪ್ಯಾರಿಷ್‌ಗಳ ರಿಜಿಸ್ಟರುಗಳಿಂದ ಇಂಗ್ಲೆಂಡಿನ ಮೂರು ಶತಮಾನಗಳ ಜನಸಂಖ್ಯೆಯ ಚಿತ್ರ ಕಟ್ಟಿತು. 1981ರಲ್ಲಿ ಗ್ರಂಥವಾಗಿ ಬಂದ ಆ ಕೆಲಸಕ್ಕೆ ಊರೂರುಗಳ ಹವ್ಯಾಸಿಗಳು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ, ತಿಂಗಳು ತಿಂಗಳಿನ ನಮೂದುಗಳನ್ನು ಎಣಿಸಿಕೊಟ್ಟಿದ್ದರು. ಅಂದಿನ ಇಂಗ್ಲಿಷ್ ಹೆಣ್ಣುಮಕ್ಕಳು ಹದಿಹರೆಯದಲ್ಲಲ್ಲ, ಸಾಮಾನ್ಯವಾಗಿ ಇಪ್ಪತ್ತೈದರ ಆಚೀಚೆ ಮದುವೆಯಾಗುತ್ತಿದ್ದರೆಂಬ ಸಂಗತಿ ದೃಢಪಟ್ಟದ್ದು ರಿಜಿಸ್ಟರುಗಳ ಇಂಥ ಅಧ್ಯಯನಗಳಿಂದಲೇ.

ಹೀಗೆ ಪುಟದಿಂದ ಮರೆಯಾದ ಹೆಸರು ಕೆಲವೊಮ್ಮೆ ನಮ್ಮಲ್ಲೇ ಸಿಕ್ಕೀತು. ಬೆಂಗಳೂರು ದಂಡು ಪ್ರದೇಶದ ಚರ್ಚುಗಳಲ್ಲಿ ನಡೆದ ಬ್ರಿಟಿಷರ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ನಕಲು ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಇಂಗ್ಲೆಂಡಿನ ಹಳ್ಳಿಯಲ್ಲಿ ಹುಟ್ಟಿದ್ದು ಮಾತ್ರ ದಾಖಲಾಗಿ ಸಾವು ಕಾಣದ ಸಿಪಾಯಿಯನ್ನು ಹುಡುಕುವವರು ಕೊನೆಗೆ ಅಲ್ಲಿ ಕೈಯಾಡಿಸಿ ನೋಡುತ್ತಾರೆ.

ಮಿಡ್ಲ್‌ನವರಿಗೆ ಆ ಅನುಕೂಲವಿರಲಿಲ್ಲ. 1642ರಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿದಾಗ ಗಾಫ್ ಏಳೆಂಟು ವರ್ಷದ ಹುಡುಗ. ಮಿಡ್ಲ್, ಮಾರ್ಟನ್, ನ್ಯೂಟನ್ ಎಂಬ ಮೂರೇ ಊರುಗಳಿಂದ ಇಪ್ಪತ್ತು ಮಂದಿ ದೊರೆಯ ಪಡೆಗೆ ಸೇರಿದರು. ಶವವನ್ನು ಹೂಳಿದ ಊರಿನ ರಿಜಿಸ್ಟರಿನಲ್ಲೇ ಹೆಸರು ಬರೆಯುವುದು ಪದ್ಧತಿ. ದೂರದ ರಣರಂಗದಲ್ಲಿ ಮಡಿದವನು ಹುಟ್ಟಿದೂರಿನ ಪುಟಕ್ಕೆ ಮರಳುವುದಿಲ್ಲ. ಅರವತ್ತು ವರ್ಷಗಳ ಮೇಲೆ ಗಾಫ್ ಬೆಂಚುಗಳ ಲೆಕ್ಕದ ನಡುವೆ ಅವರನ್ನೂ ನೆನೆದು, ಇಪ್ಪತ್ತರಲ್ಲಿ ಹದಿಮೂರು ಮಂದಿ ಹಿಂತಿರುಗಲಿಲ್ಲವೆಂದು ಬರೆದಿಟ್ಟ.