ಶರಾವತಿ ತೀರದಲ್ಲಿ ಅನ್ಯಮತೀಯರ ಸ್ಥಾನಮಾನ

ಹೊನ್ನಾವರದ ದಕ್ಷಿಣಕ್ಕಿರುವ ಅಪ್ಸರಕೊಂಡದ ಗುಡ್ಡದಿಂದ ಕಾಣುವ ಕಡಲು ಒಂದು ಕಾಲಕ್ಕೆ ಅರಬ್ ದೇಶಗಳಿಗೆ ಹೋಗಿಬರುವ ಹಡಗುಗಳ ಹಾದಿಯಾಗಿತ್ತು. ಘಟ್ಟದ ಮೆಣಸು ಶರಾವತಿಯ ಮೂಲಕ ಈ ತೀರಕ್ಕೆ ಇಳಿದುಬರುತ್ತಿತ್ತು. ಮೆಣಸು ಬೆಳೆಯುವ ನಾಡು ಗೇರುಸೊಪ್ಪೆಯ ಜೈನ ಅರಸರದು. ಅದನ್ನು ಕಡಲಾಚೆಗೆ ಒಯ್ಯುವ ವ್ಯಾಪಾರದಲ್ಲಿ ಮುಸಲ್ಮಾನ ವರ್ತಕರ ಪಾಲು ದೊಡ್ಡದು. ಒಂದು ಧರ್ಮದ ಅರಸನ ಆಳ್ವಿಕೆಯಲ್ಲಿ ಇನ್ನೊಂದು ಧರ್ಮದ ಪ್ರಜೆಗಳಿಗೆ ಯಾವ ಸ್ಥಾನ ಸಲ್ಲುತ್ತಿತ್ತೆಂಬ ಪ್ರಶ್ನೆಯನ್ನು ವಿಚಾರಿಸಲು ಇದು ತಕ್ಕ ಸ್ಥಳವಾಗಿದೆ.

ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಈ ಪ್ರಶ್ನೆಗೆ ‘ಜಿಮ್ಮಾ’ ಎಂಬ ಒಡಂಬಡಿಕೆಯು ಉತ್ತರವಾಗಿದೆ. ಈ ಒಡಂಬಡಿಕೆಗೆ ಒಳಪಟ್ಟ ಅನ್ಯಮತೀಯನು ಜಿಜಿಯಾ ಎಂಬ ತಲೆಗಂದಾಯವನ್ನು ತೆರಬೇಕು. ಪ್ರತಿಯಾಗಿ ಅವನ ಪ್ರಾಣ, ಆಸ್ತಿ ಮತ್ತು ಉಪಾಸನೆಗೆ ರಾಜ್ಯದ ರಕ್ಷಣೆಯುಂಟು. ಸ್ತ್ರೀಯರು ಮತ್ತು ಮಕ್ಕಳಿಗೆ ಈ ಕಂದಾಯವಿಲ್ಲ. ವಿವಾಹ, ದಾಯಭಾಗ ಮೊದಲಾದ ವಿಷಯಗಳಲ್ಲಿ ಸ್ವಸಮಾಜದ ಕಟ್ಟಳೆಯೇ ನಡೆಯಬಹುದು. ಆದರೆ ಈ ರಕ್ಷಣೆ ಸಮಾನತೆಯಲ್ಲ. ಹೊಸ ದೇವಾಲಯ ಕಟ್ಟುವುದಕ್ಕೂ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವುದಕ್ಕೂ ನಿರ್ಬಂಧಗಳಿದ್ದವು. ವಿಗ್ರಹಾರಾಧಕರೂ ಈ ಒಡಂಬಡಿಕೆಗೆ ಅರ್ಹರೇ ಎಂಬಲ್ಲಿ ಪಂಥಭೇದವಿತ್ತು. ಉತ್ತರ ಭಾರತದಲ್ಲಿ ಪ್ರಬಲವಾಗಿದ್ದ ಹನಫೀ ಪಂಥ ಒಪ್ಪಿತು. ಶಾಫಿಈ ಪಂಥದ ಶಾಸ್ತ್ರಜ್ಞರು ಅದನ್ನು ಯಹೂದಿ, ಕ್ರೈಸ್ತ ಮೊದಲಾದವರಿಗೆ ಮಾತ್ರ ಸೀಮಿತಗೊಳಿಸಿದರು.

ಹೊನ್ನಾವರದ ಮುಸಲ್ಮಾನರು ಶಾಫಿಈ ಪಂಥದವರೆಂಬುದನ್ನು 1342ರ ಸುಮಾರಿಗೆ ಇಲ್ಲಿ ಉಳಿದಿದ್ದ ಇಬ್ನ್ ಬತೂತನು ಬರೆದಿದ್ದಾನೆ. ಊರಿನಲ್ಲಿ ಬಾಲಕರಿಗೆ 23, ಬಾಲಕಿಯರಿಗೆ 13 ಪಾಠಶಾಲೆಗಳಿದ್ದುದನ್ನೂ ಅವನು ಹೇಳುತ್ತಾನೆ. ಊರನ್ನು ಆಳುತ್ತಿದ್ದವನು ಜಮಾಲುದ್ದೀನನೆಂಬ ಸುಲ್ತಾನ. ಆದರೆ ಆ ಸುಲ್ತಾನನೇ ಮುಸಲ್ಮಾನನಲ್ಲದ ‘ಹರ್ಯಬ್’ ಎಂಬ ದೊರೆಯ ಅಧೀನನಾಗಿದ್ದನು. ಈತನನ್ನು ವಿಜಯನಗರದ ಒಂದನೆಯ ಹರಿಹರನೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಶಾಸ್ತ್ರವು ಪ್ರಭು ಮುಸಲ್ಮಾನನೆಂದೂ ಪ್ರಜೆ ಅನ್ಯಮತೀಯನೆಂದೂ ಭಾವಿಸಿತ್ತು. ಈ ತೀರದಲ್ಲಿ ಆ ಕ್ರಮ ತಿರುವುಮುರುವಾಗಿತ್ತು. ಮುಂದೆ ಹಾಡುವಳ್ಳಿ ಮತ್ತು ಗೇರುಸೊಪ್ಪೆಯ ಜೈನ ಅರಸರ ಕಾಲದಲ್ಲಿಯೂ ಭಟ್ಕಳದ ಮುಸಲ್ಮಾನ ವರ್ತಕರು ಜಿನಭಕ್ತರಾದ ಪ್ರಭುಗಳ ಆಶ್ರಯದಲ್ಲಿಯೇ ಬಾಳಿದರು.

ಜೈನರು ಮುಸಲ್ಮಾನ ಪ್ರಭುಗಳ ಪ್ರಜೆಗಳಾದಲ್ಲಿ ಏನಾಯಿತೆಂಬುದಕ್ಕೆ ಗುಜರಾತಿನಲ್ಲಿ ಸ್ಪಷ್ಟ ದಾಖಲೆಗಳಿವೆ. ಅಕ್ಬರನು 1564ರಲ್ಲಿ ಜಿಜಿಯಾವನ್ನು ರದ್ದುಪಡಿಸಿದನು; ಹೀರವಿಜಯ ಸೂರಿಗಳ ಉಪದೇಶಕ್ಕೆ ಮನ್ನಣೆಯಿತ್ತು ಪರ್ಯೂಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದನು. ಔರಂಗಜೇಬನು 1645ರಲ್ಲಿ ಗುಜರಾತಿನ ಸುಬೇದಾರನಾಗಿದ್ದಾಗ, ಶಾಂತಿದಾಸ ಝವೇರಿ ಕಟ್ಟಿಸಿದ್ದ ಅಹಮದಾಬಾದಿನ ಚಿಂತಾಮಣಿ ಪಾರ್ಶ್ವನಾಥ ಮಂದಿರವನ್ನು ಮಸೀದಿಯಾಗಿ ಮಾರ್ಪಡಿಸಿದನು. ಅದನ್ನು ಶಾಂತಿದಾಸರಿಗೆ ಮರಳಿಸುವಂತೆ ಷಹಜಹಾನನು 1648ರಲ್ಲಿ ಫರ್ಮಾನು ಹೊರಡಿಸಿದನು. ಪಟ್ಟವೇರಿದ ಔರಂಗಜೇಬನೇ 1660ರಲ್ಲಿ ಅದೇ ಶಾಂತಿದಾಸರಿಗೆ ಶತ್ರುಂಜಯ ಮೊದಲಾದ ತೀರ್ಥಗಳ ಸನದನ್ನು ಕೊಟ್ಟನು. 1679ರಲ್ಲಿ ಜಿಜಿಯಾವನ್ನು ಮತ್ತೆ ಹೇರಿದನು. ಕಿತ್ತುಕೊಂಡ ಕೈಯೇ ಕೊಟ್ಟಿತು, ಕೊಟ್ಟ ಕೈಯೇ ಮತ್ತೆ ಹೊರೆ ಹೊರಿಸಿತು. ಪ್ರಭುವಿನ ಕೃಪೆಯನ್ನು ಅವಲಂಬಿಸಿದ ರಕ್ಷಣೆಯ ಸ್ವಭಾವವೇ ಅಂಥದು.

ಶರಾವತಿ ತೀರವು 1763ರಲ್ಲಿ ಬಿದನೂರಿನ ಪತನದೊಡನೆ ಹೈದರಾಲಿಯ ವಶಕ್ಕೆ ಬಂದು, ನಡುವೆ ಕೆಲಕಾಲ ಇಂಗ್ಲಿಷರ ಪಾಲಾದರೂ, 1799ರವರೆಗೆ ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. ಟಿಪ್ಪುವಿನ ಕಾಲದಲ್ಲಿ ದೇವಾಲಯಗಳ ಇನಾಮು ಭೂಮಿಗಳನ್ನು ಸರಕಾರ ಹಿಂದಕ್ಕೆ ಪಡೆಯಿತು. 1791ರಲ್ಲಿ ಮರಾಠಾ ಸವಾರರು ಶೃಂಗೇರಿಯನ್ನು ಸೂರೆಗೈದಾಗ ಮಠಕ್ಕೆ ನೆರವಿತ್ತವನೂ ಅದೇ ಟಿಪ್ಪು. ಎರಡೂ ಸತ್ಯವೇ; ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುವುದು ಸತ್ಯಾಣುವ್ರತಕ್ಕೆ ಸಲ್ಲದು. ಈ ನಾಡಿನ ಜೈನ ವೈಭವ ಅಳಿದುದು ಮುಸಲ್ಮಾನ ಆಳ್ವಿಕೆಯಿಂದಲ್ಲವೆಂಬುದನ್ನೂ ಮರೆಯಬಾರದು. 1542ರಲ್ಲಿ ಭಟ್ಕಳವನ್ನು ಸುಟ್ಟವರು ಪೋರ್ತುಗೀಜರು. 1606ರಲ್ಲಿ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯನ್ನು ಕೊನೆಗಾಣಿಸಿದವನು ಕೆಳದಿಯ ವೆಂಕಟಪ್ಪ ನಾಯಕ.

ಇವೆಲ್ಲಕ್ಕಿಂತ ಭಿನ್ನವಾದ ಮಾರ್ಗವೊಂದು ಕನ್ನಡ ನಾಡಿನಲ್ಲಿಯೇ ಕಾಣಬರುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ವಿಜಯನಗರದ ಬುಕ್ಕರಾಯನು 1368ರಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಉಭಯ ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಶ್ರವಣಬೆಳಗೊಳದ ಶಾಸನದ ಪ್ರಕಾರ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಕೊಡಬೇಕು. ಜಿಜಿಯಾದಂತೆ ಇದೂ ರಕ್ಷಣೆಗಾಗಿ ತೆತ್ತ ಹಣವೇ. ಆದರೆ ಅದು ಅರಸನ ಬೊಕ್ಕಸಕ್ಕೆ ಸೇರಲಿಲ್ಲ: ಬೆಳಗೊಳದ ದೇವರ ಕಾವಲಿಗೆ 20 ಮಂದಿಯನ್ನು ನೇಮಿಸುವುದಕ್ಕೂ, ಉಳಿದುದು ಜೀರ್ಣ ಜಿನಾಲಯಗಳ ದುರಸ್ತಿಗೂ ಮೀಸಲಾಯಿತು. ರಕ್ಷಣೆಯ ಹೊಣೆ ಎದುರುಪಕ್ಷದವರ ಮೇಲೆಯೇ ಬಿದ್ದಿತು. ಕಟ್ಟಳೆ ಕಲ್ಲಿನಲ್ಲಿ ಕೆತ್ತಲ್ಪಟ್ಟಿತು.

ಆ ಕಟ್ಟಳೆಯೂ ಅರಸನ ಇಚ್ಛೆಯಿಂದಲೇ ಬಂದುದು. ಭಾರತದ ಪ್ರಜೆಗೆ ಅದು ಹಕ್ಕಾಗಿ ದೊರೆತುದು 1950ರಲ್ಲಿ. ಸಂವಿಧಾನದ 25ನೆಯ ಅನುಚ್ಛೇದವು ಧರ್ಮಾಚರಣೆಯ ಸ್ವಾತಂತ್ರ್ಯವನ್ನೂ, 26ನೆಯದು ಧಾರ್ಮಿಕ ಪಂಗಡಗಳಿಗೆ ಆಸ್ತಿ ಹೊಂದಿ ಕಾನೂನಿನಂತೆ ನಿರ್ವಹಿಸುವ ಹಕ್ಕನ್ನೂ ನೀಡಿವೆ. 2014ರ ಜನವರಿಯಲ್ಲಿ ಜೈನರು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿತರಾದರು. ಇಲ್ಲಿ ಯಾರ ಕೃಪೆಯನ್ನೂ ಬೇಡಬೇಕಾಗಿಲ್ಲ, ತಲೆಗಂದಾಯವನ್ನೂ ತೆರಬೇಕಾಗಿಲ್ಲ.

ಆದರೆ ಹಕ್ಕಿಗೆ ಆಧಾರ ಬೇಕು. ಗೇರುಸೊಪ್ಪೆಯ ಚತುರ್ಮುಖ ಬಸದಿಯ ಕಲ್ಲು ಉಳಿದಿದೆ. ಅದನ್ನು ಪೋಷಿಸುತ್ತಿದ್ದ ನಗರ ಉಳಿದಿಲ್ಲ. ಬಸದಿಯ ಶಾಸನದ ಪಡಿಯಚ್ಚು, ಭೂಮಿಯ ಪತ್ರ ಮತ್ತು ವರ್ಷವರ್ಷದ ಲೆಕ್ಕವನ್ನು ಜೋಪಾನ ಮಾಡುವುದು ಪ್ರತಿಯೊಂದು ಆಡಳಿತ ಮಂಡಳಿಯ ಧರ್ಮಕಾರ್ಯವೇ ಆಗಿದೆ. ಅದರೊಡನೆ ಇನ್ನೊಂದು ಕರ್ತವ್ಯವೂ ಇದೆ. ಅಭಯದಾನವನ್ನು ದಾನಗಳಲ್ಲಿ ಶ್ರೇಷ್ಠವೆಂದು ಬಗೆದ ಸಮಾಜವು, ತಾನು ಸಂಖ್ಯೆಯಲ್ಲಿ ಹೆಚ್ಚಾಗಿರುವ ಊರಿನಲ್ಲಿ ನೆರೆಯ ಅನ್ಯಮತೀಯನಿಗೂ ಅದೇ ಹಕ್ಕನ್ನು ಹಕ್ಕೆಂದೇ ಒಪ್ಪಬೇಕು, ಉಪಕಾರವೆಂದಲ್ಲ.