ಗುರಿ ಬರೆದಾಯಿತು, ಕಿವಿಯೊಳಗೆ ಅಳೆದವರಾರು?

ಗೋವಾದ ವಾಸ್ಕೋ ಪಟ್ಟಣದ ಬೈನಾ ಮತ್ತು ಜುವಾರಿನಗರಗಳಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕನ್ನಡದ ಕುಟುಂಬಗಳು ದಶಕಗಳಿಂದ ನೆಲೆಸಿವೆ. ಅಲ್ಲಿನ ಹಿರಿಯರೊಬ್ಬರಿಗೆ ಕಿವಿ ಮಂದವಾಯಿತೆನ್ನಿ. ಸರ್ಕಾರಿ ದಾರಿ ಹಿಡಿದರೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು; ಇಲ್ಲವಾದರೆ ಪೇಟೆಯ ಹಿಯರಿಂಗ್ ಏಡ್ ಅಂಗಡಿ. ಪರೀಕ್ಷಿಸುವವರ ಮಾತು ಕೊಂಕಣಿ, ಮರಾಠಿ ಅಥವಾ ಹಿಂದಿ. ಇವರ ಮಾತು ಕನ್ನಡ, ಕೆಲವೊಮ್ಮೆ ಲಂಬಾಣಿ. ಮಷಿನ್ ಹಾಕಿ ‘ಕೇಳಿಸುತ್ತಾ?’ ಅಂದರೆ ‘ಹೂಂ’ ಎನ್ನುತ್ತಾರೆ. ಆ ‘ಹೂಂ’ ನಂಬಿ ಮನೆಗೆ ಕಳಿಸಬಹುದೇ? ಶ್ರವಣವಿಜ್ಞಾನ ಎಂಟು ದಶಕಗಳಿಂದ ಬಿಡಿಸುತ್ತ ಬಂದಿರುವ ಗಂಟು ಇದೇ.

ಮೊದಮೊದಲು ಎಲ್ಲವೂ ಅಂದಾಜು. 1940ರಲ್ಲಿ ಅಮೆರಿಕದ ವಾಟ್ಸನ್ ಮತ್ತು ನುಡ್ಸೆನ್, ರೋಗಿಗೆ ಹಿತವೆನಿಸುವ ಸದ್ದಿನ ಮಟ್ಟವನ್ನು ಆಧಾರವಾಗಿಟ್ಟು ಯಂತ್ರ ಹೊಂದಿಸಬೇಕೆಂದರು. 1944ರಲ್ಲಿ ಸ್ಯಾಮ್ಯುಯೆಲ್ ಲೈಬಾರ್ಗರ್ ಇನ್ನೂ ಸರಳ ಸೂತ್ರ ಕೊಟ್ಟರು: ಶ್ರವಣ ನಷ್ಟದ ಅರ್ಧದಷ್ಟು ವರ್ಧನೆ. 60 ಡೆಸಿಬೆಲ್ ನಷ್ಟವಿದ್ದರೆ 30 ಡೆಸಿಬೆಲ್ ಜೋರು. ಕಳೆದುಹೋದುದನ್ನೆಲ್ಲ ಮರಳಿ ತುಂಬಿದರೆ ಸದ್ದು ಸಹಿಸಲಾಗದಷ್ಟು ಜೋರಾಗುತ್ತದೆ ಎಂಬ ಅನುಭವ ಇದರ ಹಿಂದಿತ್ತು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ರೇಮಂಡ್ ಕಾರ್ಹಾರ್ಟ್ ನಾಲ್ಕಾರು ಯಂತ್ರ ಹಾಕಿಸಿ, ಯಾವುದರಲ್ಲಿ ಮಾತು ಚೆನ್ನಾಗಿ ತಿಳಿಯುತ್ತದೆಂದು ಹೋಲಿಸಿ ನೋಡಿದರು. ಆದರೆ 1940ರ ದಶಕದ ಕೊನೆಗೆ ಬಂದ ಹಾರ್ವರ್ಡ್ ವರದಿ, ಹೆಚ್ಚು ಕಡಿಮೆ ಒಂದೇ ಬಗೆಯ ಹೊಂದಾಣಿಕೆ ಎಲ್ಲರಿಗೂ ಸಾಕು ಎಂದಿತು. ಒಬ್ಬೊಬ್ಬರಿಗೂ ಬೇರೆ ಲೆಕ್ಕ ಬೇಕೆಂಬ ವಿಚಾರ ಇದರಿಂದ ಬಹುಕಾಲ ಹಿಂದೆ ಬಿತ್ತು ಎನ್ನುವುದು ನನ್ನ ಅಭಿಪ್ರಾಯ.

ಲೆಕ್ಕವನ್ನು ಮತ್ತೆ ಗಟ್ಟಿಯಾಗಿ ಹಿಡಿದವರು ಆಸ್ಟ್ರೇಲಿಯಾದ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್‌ನವರು, ಅಂದರೆ ನ್ಯಾಲ್. ಇವರ ಮೊದಲ ಸೂತ್ರ 1976ರದು. 1986ರಲ್ಲಿ ಡೆನಿಸ್ ಬರ್ನ್ ಮತ್ತು ಹಾರ್ವೆ ಡಿಲನ್ ಅದನ್ನು ತಿದ್ದಿದರು. ಒಂದು ಉದಾಹರಣೆ ನೋಡೋಣ. 500 ಹರ್ಟ್ಜ್‌ನಲ್ಲಿ 30, 1000ದಲ್ಲಿ 50, 2000ದಲ್ಲಿ 60 ಡೆಸಿಬೆಲ್ ನಷ್ಟವಿರುವ ಕಿವಿಗೆ ಅರ್ಧದ ಸೂತ್ರ 15, 25, 30 ಡೆಸಿಬೆಲ್ ವರ್ಧನೆ ಕೊಡುತ್ತದೆ. 1986ರ ಸೂತ್ರ ಕೊಡುವುದು ಸುಮಾರು 8, 24, 25. ಮಂದ್ರದಲ್ಲಿ ಅಷ್ಟು ಕಡಿತ ಏಕೆ? ಮಾತಿನ ಶಕ್ತಿ ಹೆಚ್ಚಾಗಿರುವುದು ಮಂದ್ರದಲ್ಲಿ, ಸ್ಪಷ್ಟತೆ ಇರುವುದು ಮೇಲಿನ ಆವರ್ತನಗಳಲ್ಲಿ. ಎಲ್ಲ ಆವರ್ತನ ಪಟ್ಟಿಗಳೂ ಸಮನಾಗಿ ಕೇಳಿಸಬೇಕು, ಒಂದು ಇನ್ನೊಂದನ್ನು ಮುಚ್ಚಬಾರದು ಎನ್ನುವುದು ನ್ಯಾಲ್‌ನ ನಿಲುವು.

ಕೆನಡಾದಲ್ಲಿ ರಿಚರ್ಡ್ ಸೀವಾಲ್ಡ್ ಮತ್ತು ಸಂಗಡಿಗರ ಚಿಂತೆ ಬೇರೆಯಿತ್ತು. ಮಾತು ಇನ್ನೂ ಕಲಿಯಬೇಕಾದ ಮಗು ಕೇಳದ ದನಿಯನ್ನು ಊಹಿಸಿಕೊಳ್ಳಲಾರದು. ಆದ್ದರಿಂದ ಮಾತಿನ ಎಲ್ಲ ಭಾಗವೂ ಅದರ ಕಿವಿಗೆ ತಲುಪಬೇಕು. 1985ರಲ್ಲಿ ಹೊರಬಂದ ಅವರ ಡಿಎಸ್ಎಲ್ ಪದ್ಧತಿ ಇದಕ್ಕೆಂದೇ ಹುಟ್ಟಿತು. ಮುಂದೆ ಮೆಲುದನಿಯನ್ನು ಹೆಚ್ಚು, ಜೋರುದನಿಯನ್ನು ಕಡಿಮೆ ಹಿಗ್ಗಿಸುವ ಯಂತ್ರಗಳು ಬಂದಾಗ ಎರಡೂ ಪಂಥಗಳು ಸೂತ್ರ ಬದಲಿಸಿಕೊಂಡವು: ಕೆನಡಾದವರು 1995ರಲ್ಲಿ ಮತ್ತು 2005ರಲ್ಲಿ, ಆಸ್ಟ್ರೇಲಿಯಾದವರು 1999ರಲ್ಲಿ ಮತ್ತು 2011ರ ಹೊತ್ತಿಗೆ. ಎರಡೂ ದೇಶಗಳ ಮಕ್ಕಳ ಮೇಲೆ ಹೋಲಿಕೆ ನಡೆಸಿದಾಗ ಯಾವುದೂ ಸಾರಾಸಗಟಾಗಿ ಗೆಲ್ಲಲಿಲ್ಲ. ಮಕ್ಕಳ ಒಲವು ಬಹುಮಟ್ಟಿಗೆ ತಮಗೆ ರೂಢಿಯಾದ ಪದ್ಧತಿಯ ಕಡೆಗೇ ಇತ್ತು.

ಸೂತ್ರ ಯಾವುದೇ ಇರಲಿ, ಅದು ಕಾಗದದ ಮೇಲಿನ ಗುರಿ. ಕಿವಿಯ ನಾಳ ಒಬ್ಬೊಬ್ಬರದು ಒಂದೊಂದು ಅಳತೆ. ಅದೇ ಯಂತ್ರ ಮಗುವಿನ ಪುಟ್ಟ ನಾಳದಲ್ಲಿ ದೊಡ್ಡವರದಕ್ಕಿಂತ ಹೆಚ್ಚು ಜೋರಾಗುತ್ತದೆ. 1980ರಲ್ಲಿ ಅರ್ಲ್ ಹಾರ್ಫರ್ಡ್ ಪುಟ್ಟ ಮೈಕ್ರೋಫೋನನ್ನು ಕಿವಿಯೊಳಗೇ ಇಟ್ಟು ಅಳೆಯುವ ಬಗೆ ತೋರಿಸಿದರು. ಬಳಿಕ ಎಳೆಯಂಥ ಮೃದು ನಳಿಕೆಯನ್ನು ಕಿವಿತಮಟೆಯ ಹತ್ತಿರದವರೆಗೆ ಇಳಿಸಿ, ಯಂತ್ರ ಹಾಕಿದ ಮೇಲೆ ಅಲ್ಲಿ ನಿಜಕ್ಕೂ ಎಷ್ಟು ಸದ್ದು ತಲುಪುತ್ತಿದೆ ಎಂದು ನೋಡುವ ಉಪಕರಣಗಳು ಬಂದವು. ಮೆಲು, ಸಾಧಾರಣ, ಜೋರು ಮಾತುಗಳನ್ನು ಕೊಟ್ಟು ಪರದೆಯ ಮೇಲೆ ಗುರಿಯ ಗೆರೆಗೆ ಹೋಲಿಸುವುದೇ ರಿಯಲ್ ಇಯರ್ ಪರೀಕ್ಷೆ. ಕಂಪನಿಯ ಸಾಫ್ಟ್‌ವೇರ್ ತಾನಾಗಿ ಮಾಡುವ ಮೊದಲ ಹೊಂದಾಣಿಕೆ ಮೇಲಿನ ಆವರ್ತನಗಳಲ್ಲಿ ಗುರಿಗಿಂತ ಕೆಳಗೇ ಉಳಿಯುವುದು ಸಾಮಾನ್ಯ. ನಳಿಕೆ ಇಡದಿದ್ದರೆ ಅದು ಗೊತ್ತಾಗುವುದಿಲ್ಲ.

ಭಾರತದಲ್ಲಿ ಈ ವಿದ್ಯೆ ಬೇರು ಬಿಟ್ಟದ್ದು 1960ರ ದಶಕದಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ. 1983ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆ ಬಂತು. ಗೋವಾ ಇವೆರಡರ ನಡುವೆ ಸಿಕ್ಕಿಕೊಂಡ ನಾಡು. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ 1981ರಿಂದ ಶಿಬಿರಗಳ ಮೂಲಕ ಶ್ರವಣ ಸಾಧನ ಹಂಚುತ್ತಿದೆ. ಹಳೆಯ ಜೇಬಿನ ಪೆಟ್ಟಿಗೆಗಳಿಗೆ ತಿರುಪಿದ್ದದ್ದು ಒಂದೆರಡೇ. ಅಲ್ಲಿ ಸೂತ್ರಕ್ಕೆ ಹೆಚ್ಚು ಕೆಲಸವಿರಲಿಲ್ಲ. ಈಗ ಹಿಂಗಿವಿಯ ಡಿಜಿಟಲ್ ಯಂತ್ರ ಬಂದಿದೆ, ಹೊಂದಿಸಲು ಅವಕಾಶವೂ ಇದೆ.

ಇನ್ನು ಭಾಷೆ. ರಿಯಲ್ ಇಯರ್ ಪರೀಕ್ಷೆಗೆ ಬಳಸುವ ಅಂತರರಾಷ್ಟ್ರೀಯ ಮಾತಿನ ಸಂಕೇತವನ್ನು ಇಂಗ್ಲಿಷ್, ಅರಬ್ಬಿ, ಚೀನೀ, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಆಡುವ ಆರು ಹೆಂಗಸರ ದನಿಯ ತುಣುಕುಗಳಿಂದ ಹೊಲಿದಿದ್ದಾರೆ. ಭಾರತದ ಒಂದು ಭಾಷೆಯೂ ಅದರಲ್ಲಿಲ್ಲ. ಇಂಗ್ಲಿಷಿನಲ್ಲಿ ಬಹುವಚನದ ‘ಸ್’ ಕೇಳಿಸಲೆಂದು ಮೇಲಿನ ಆವರ್ತನಗಳಿಗೆ ಒತ್ತು ಬಿತ್ತು. ಕನ್ನಡದಲ್ಲಿ ‘ಬರುತ್ತಾನೆ’, ‘ಬರುತ್ತಾಳೆ’ಗಳ ಅಂತರವಿರುವುದು ವಾಕ್ಯದ ತುದಿಯ ಒಂದು ಅಕ್ಷರದಲ್ಲಿ, ಆಡುವವರ ಉಸಿರು ಇಳಿಯುವುದೂ ಅಲ್ಲೇ. ಈ ಮೆಲು ತುದಿ ಕೇಳಿಸಿತೇ ಎಂದು ತಿಳಿಯಲು ಕನ್ನಡದ್ದೇ ಪರೀಕ್ಷೆ ಬೇಕು. ಕನ್ನಡದ ಪದಪಟ್ಟಿಯೊಂದನ್ನು 2005ರಲ್ಲಿ ಯತಿರಾಜ್ ಮತ್ತು ವಿಜಯಲಕ್ಷ್ಮಿ ಮೈಸೂರಿನಲ್ಲಿ ಸಿದ್ಧಪಡಿಸಿದರು. ವಾಕ್ಯಗಳ ಪರೀಕ್ಷೆಗಳೂ ಅನಂತರ ಬಂದವು. ವಾಸ್ಕೋದ ಕನ್ನಡಿಗನಿಗೆ ಅವು ಸಿಗುವಂತಾಗಬೇಕು.

ಅವು ಸಿಗದ ಕಡೆ ನಳಿಕೆಯ ಅಳತೆಯೇ ಹೆಚ್ಚು ನ್ಯಾಯದ್ದು ಎಂದು ನನಗನಿಸುತ್ತದೆ. ರೋಗಿ ಏನನ್ನೂ ಹೇಳಬೇಕಾಗಿಲ್ಲ, ಅಲುಗಾಡದೆ ಕೂತರಾಯಿತು. ಹಿಯರಿಂಗ್ ಏಡ್ ಕೊಳ್ಳುವವರು, ಪಣಜಿಯಲ್ಲಿರಲಿ ಧಾರವಾಡದಲ್ಲಿರಲಿ, ದುಡ್ಡು ಕೊಡುವ ಮೊದಲು ಒಂದು ಮಾತು ಕೇಳಿ: ‘ರಿಯಲ್ ಇಯರ್ ಮಾಡುತ್ತೀರಾ? ಅದರ ಪ್ರಿಂಟ್ ಕೊಡಿ.’